ಕರಪತ್ರದ ಹಿಂದಿದ್ದ ಕೈಗಳು

1955ರ ಡಿಸೆಂಬರ್ 1ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಆಸನ ಬಿಟ್ಟುಕೊಡಲು ನಿರಾಕರಿಸಿ ರೋಸಾ ಪಾರ್ಕ್ಸ್ ಬಂಧನಕ್ಕೊಳಗಾದ ಸಂಗತಿ ಸರ್ವವಿದಿತ. ಅದೇ ರಾತ್ರಿ ಅಲ್ಲಿನ ಕಾಲೇಜೊಂದರಲ್ಲಿ ನಡೆದುದರ ವಿವರ ಮಾತ್ರ ವ್ಯಾಪಕವಾಗಿ ತಿಳಿದುಬಂದದ್ದು 1987ರಲ್ಲಿ, ಜೋ ಆನ್ ಗಿಬ್ಸನ್ ರಾಬಿನ್ಸನ್ ಅವರ ಆತ್ಮಕಥನ ಪ್ರಕಟವಾದ ಬಳಿಕ.

ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ರಾಬಿನ್ಸನ್, 1949ರಲ್ಲಿ ಬಹುತೇಕ ಖಾಲಿಯಿದ್ದ ಬಸ್ಸೊಂದರ ಮುಂಭಾಗದಲ್ಲಿ ಕುಳಿತಿದ್ದರು. ಚಾಲಕ ಗದರಿಸಿ ಎಬ್ಬಿಸಿದಾಗ ಅಳುತ್ತಾ ಇಳಿದುಹೋದರು. ಆ ಅವಮಾನವನ್ನು ಅವರು ಮರೆಯಲಿಲ್ಲ. 1946ರಲ್ಲಿ ಮೇರಿ ಫೇರ್ ಬರ್ಕ್ಸ್ ಸ್ಥಾಪಿಸಿದ್ದ ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆಯಾಗಿ ಬಸ್ಸಿನ ಪ್ರಶ್ನೆಯನ್ನೇ ಮುಂದಿಟ್ಟರು. 1954ರ ಮೇ 21ರಂದು ಮೇಯರ್‌ಗೆ ಬರೆದ ಪತ್ರದಲ್ಲಿ ಬಹಿಷ್ಕಾರದ ಸುಳಿವನ್ನೂ ನೀಡಿದ್ದರು. ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲೇ ಚಳವಳಿಯ ಸಿದ್ಧತೆ ನಡೆದಿತ್ತು ಎಂಬುದು ಇಲ್ಲಿ ಗಮನಾರ್ಹ.

ಬಂಧನದ ಸುದ್ದಿ ತಿಳಿದೊಡನೆ ರಾಬಿನ್ಸನ್, ಸಹೋದ್ಯೋಗಿಯೊಬ್ಬರು ಹಾಗೂ ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ, ಕಾಲೇಜಿನ ನಕಲು ಯಂತ್ರದಲ್ಲಿ ಬೆಳಗಿನ ಜಾವದವರೆಗೆ ಹತ್ತಾರು ಸಾವಿರ ಕರಪತ್ರಗಳನ್ನು ಮುದ್ರಿಸಿದರು. ಸೋಮವಾರ ಯಾರೂ ಬಸ್ಸು ಹತ್ತಬಾರದು ಎಂಬುದಷ್ಟೇ ಅದರ ಸಾರ. ಶುಕ್ರವಾರ ಕಟ್ಟುಗಳು ಶಾಲೆ, ಅಂಗಡಿ, ಕಾರ್ಖಾನೆಗಳಿಗೆ ತಲುಪಿದವು. ಕರಪತ್ರದಲ್ಲಿ ಅದನ್ನು ಹೊರಡಿಸಿದವರ ಹೆಸರಿರಲಿಲ್ಲ. ಕಾಲೇಜು ನಡೆಯುತ್ತಿದ್ದುದು ರಾಜ್ಯ ಸರ್ಕಾರದ ಹಣದಿಂದ. ಗುಟ್ಟು ಬಯಲಾದರೆ ನೌಕರಿಯಷ್ಟೇ ಅಲ್ಲ, ಸಂಸ್ಥೆಗೂ ಆಪತ್ತು. ಹೋರಾಟವನ್ನು ಕಾಪಾಡಿದ ಈ ಎಚ್ಚರವೇ ಚರಿತ್ರೆಯಲ್ಲಿ ಅವರನ್ನು ಮರೆಮಾಡಿತೆನ್ನಬಹುದು.

ಒಂದು ದಿನಕ್ಕೆಂದು ಕರೆಕೊಟ್ಟ ಬಹಿಷ್ಕಾರ 381 ದಿನ ನಡೆಯಿತು. 26ರ ಹರೆಯದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅದರ ನಾಯಕರಾದರು. ಆರಂಭದ ಬೇಡಿಕೆಗಳು ಸೌಮ್ಯವಾಗಿಯೇ ಇದ್ದವು: ಚಾಲಕರ ಸಭ್ಯ ವರ್ತನೆ, ಮೊದಲು ಬಂದವರಿಗೆ ಆಸನ, ಕಪ್ಪು ಚಾಲಕರ ನೇಮಕ. ಆಡಳಿತ ಅಷ್ಟಕ್ಕೂ ಒಪ್ಪದಿದ್ದಾಗ ಮಹಿಳೆಯರು ನ್ಯಾಯಾಲಯದ ಮೊರೆಹೋದರು. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ ಬಂಧಿತಳಾಗಿದ್ದ ಕ್ಲಾಡೆಟ್ ಕೊಲ್ವಿನ್ ಅವರಲ್ಲೊಬ್ಬಳು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಡಿಸೆಂಬರ್ 21ರಂದು ಜನ ಮತ್ತೆ ಬಸ್ಸು ಹತ್ತಿದರು, ತಮಗೆ ಬೇಕಾದ ಆಸನದಲ್ಲಿ ಕುಳಿತರು.

ರಾಬಿನ್ಸನ್ ಅದಕ್ಕೆ ಬೆಲೆ ತೆತ್ತರು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಕಾರಿನ ಮೇಲೆ ಸುರಿದ ಆಮ್ಲದಿಂದ ಅದರ ಮೈತುಂಬ ತೂತುಗಳಾದವು. ಆ ಕಾರನ್ನು ಅವರು ಬದಲಿಸಲಿಲ್ಲ. 1960ರಲ್ಲಿ ನಗರ ತೊರೆಯುವವರೆಗೂ ಅದರಲ್ಲೇ ಓಡಾಡಿದರು.