ಒಬ್ಬನೇ ಹುಡುಗ, ಎರಡು ಕುರ್ಚಿ

ಒಬ್ಬನೇ ಹುಡುಗ ತನ್ನೊಡನೆ ತಾನೇ ಚದುರಂಗವಾಡುವ ಒಂದು ನಿಮಿಷದ ಚಿತ್ರ. ಮರುದಿನದ ವಿಜ್ಞಾನ ಪ್ರದರ್ಶನಕ್ಕೆಂದು ನಮ್ಮ ಒಂಬತ್ತನೇ ತರಗತಿಯವರು ಮೊಬೈಲಿನಲ್ಲಿ ತೆಗೆದಿದ್ದರು. ಅವನು ಎಡಗಡೆ ಕೂತಾಗ ಒಮ್ಮೆ, ಬಲಗಡೆ ಕೂತಾಗ ಇನ್ನೊಮ್ಮೆ ಚಿತ್ರೀಕರಣ. ಎರಡನ್ನೂ ಪದರಗಳಂತೆ ಒಂದರ ಮೇಲೊಂದಿಟ್ಟು ಮೇಲಿನದರ ಖಾಲಿ ಕುರ್ಚಿಯ ಅರ್ಧವನ್ನು ಅಳಿಸಿದರೆ ಇಬ್ಬರೂ ಕಾಣುತ್ತಾರೆ. ಆದರೆ ಎರಡನೆಯ ಸಲ ಮೋಡ ಕವಿದಿತ್ತು. ಮೇಜಿನ ಮೇಲೆ ಅರ್ಧ ಬಿಸಿಲು, ಅರ್ಧ ಮಬ್ಬು! ಸಾಲದ್ದಕ್ಕೆ, ಗೆರೆ ದಾಟಿದ ಕೈ ಮಣಿಕಟ್ಟಿನಲ್ಲೇ ತುಂಡಾಗಿತ್ತು.

ತಂತ್ರವೇನೋ ಹಳೆಯದು. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ 1900ರಲ್ಲೇ, ಎರಡು ನಿಮಿಷವೂ ಇಲ್ಲದ ಚಿತ್ರದಲ್ಲಿ ಏಳು ವಾದ್ಯಗಾರರಾಗಿ ತಾನೊಬ್ಬನೇ ಕಾಣಿಸಿಕೊಂಡ. ಕ್ಯಾಮೆರಾದೊಳಗಿನ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಕಪ್ಪು ಹಿನ್ನೆಲೆಯೆದುರು ಮತ್ತೆ ಮತ್ತೆ ಚಿತ್ರೀಕರಿಸುವ ಕ್ರಮ ಅದು. ಕಪ್ಪು ಬಣ್ಣ ಬೆಳಕನ್ನು ಹಿಂದಿರುಗಿಸದ್ದರಿಂದ ಫಿಲ್ಮಿನ ಆ ಭಾಗ ಮುಂದಿನ ಸಲಕ್ಕೆ ಉಳಿಯುತ್ತದೆ. ಏಳನೆಯ ಸಲ ತಪ್ಪಿದರೆ ಹಿಂದಿನ ಆರೂ ಹಾಳು.

ಸಂಜೆ ನಮ್ಮವರು ಮೊದಲು ಕಾಗದ ಹಿಡಿದರು. ಟ್ಯೂಬ್‌ಲೈಟಿನ ಬೆಳಕು, ಅಲುಗಾಡದ ಸ್ಟ್ಯಾಂಡು, ಫೋಕಸ್ಸಿಗೆ ಲಾಕ್, ಮೇಜಿನ ನಡುವೆ ಸೀಮೆಸುಣ್ಣದ ಗುರುತು. ಯಾವ ಸೆಕೆಂಡಿಗೆ ಯಾವ ಕಡೆಯವನು ಏನು ಮಾಡಬೇಕೆಂದು ಬರೆದುಕೊಂಡು ಒಬ್ಬ ಗಟ್ಟಿಯಾಗಿ ಎಣಿಸಿದ. ಯಾವ ಕಾಯಿಯೂ ಗೆರೆ ದಾಟದಂತೆ ಆಟವನ್ನೇ ಬದಲಿಸಿದರು. (ಚದುರಂಗ ಬಲ್ಲವರು ಕ್ಷಮಿಸಬೇಕು.) ಉಳಿದದ್ದು ನೋಟದ ಸಮಸ್ಯೆ. ಖಾಲಿ ಕುರ್ಚಿಯತ್ತ ನೋಡಿದರೆ ಕಣ್ಣು ಎಲ್ಲೋ ಅಲೆಯುತ್ತದೆ. ಅದಕ್ಕೆ ಎದುರಿಗೆ ಗೆಳೆಯನೊಬ್ಬ ಕೂತ. ಹೇಗೂ ಆ ಅರ್ಧ ಅಳಿಸಿಹೋಗುತ್ತದಲ್ಲ. ಮನೆಯಲ್ಲಾದರೆ ಅಪ್ಪ, ಅಮ್ಮ ಯಾರಾದರೂ ಕೂರಬಹುದು. ಅವರ ನೆರಳು ಮಾತ್ರ ಗೆರೆ ದಾಟದಿರಲಿ.