ಊಟದ ಮೇಜಿನ ಮೇಲೊಂದು ಊರು

ಗೊಬ್ಬರ, ಬೋರ್ಡೋ ದ್ರಾವಣ, ಬೆಲೆಯ ಏರಿಳಿತಗಳನ್ನೆಲ್ಲ ಬಿಟ್ಟು ಕಾರ್ಯದರ್ಶಿಗಳು ಬೊಂಬೆಯಾಟದ ಬಗ್ಗೆ ಬರೆಯಹೊರಟರೇ ಎಂದು ಸದಸ್ಯ ಬಾಂಧವರು ನಗಬಹುದು. ನಗಲಿ. ಈ ಮಳೆಗಾಲದಲ್ಲಿ ನಮ್ಮ ಮನೆಯ ಊಟದ ಮೇಜು ಹದಿನೈದು ದಿನ ಊಟಕ್ಕೇ ಸಿಗಲಿಲ್ಲ. ಕಾರಣ ಹೇಳಬೇಕಲ್ಲ.

ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಗಿತ್ತು. ತೋಟದಲ್ಲಿ ನಿಲ್ಲುವನೋ, ಮತ್ತೆ ಹೊರಡುವನೋ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಅರ್ಧಕ್ಕಿಳಿದ ಮೇಲೆ ಕೇಳುವ ಮುಖವೂ ನನಗಿರಲಿಲ್ಲ. ಹೀಗಿರಲು ಒಂದು ಸಂಜೆ ಅವನೇ ಬಂದು, "ಅಪ್ಪಯ್ಯ, ಕಸಿಯಲ್ಲಿ ಬಿದ್ದ ಒಣ ಕಾಫಿ ರೆಂಬೆ ಸ್ವಲ್ಪ ಬೇಕಿತ್ತು" ಎಂದ. ಸೌದೆಗಲ್ಲವಂತೆ, ಮರ ಮಾಡುವುದಕ್ಕಂತೆ!

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು. ತಾಳಮದ್ದಳೆ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಪ್ರಸಂಗ ಭಾಗವತನ ಕೈಯಲ್ಲಿರುತ್ತದೆ, ಮಾತು ಅರ್ಥಧಾರಿಗಳದ್ದು. ಇಲ್ಲಿಯೂ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಗೆಲುವೋ ಸೋಲೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಕಥೆ ತಿಂಗಳುಗಟ್ಟಲೆ ನಡೆಯುವುದರಿಂದ ಮೊದಲ ಕೂಟ ಚೆನ್ನಾಗಿರಬೇಕು, ಇಲ್ಲವಾದರೆ ಎರಡನೆಯದಕ್ಕೆ ಯಾರೂ ಬರುವುದಿಲ್ಲ. (ನಮ್ಮ ಮಹಾಸಭೆಯ ನೆನಪಾಯಿತು.)

ಮೇಜಿನ ಮೇಲೆ ನೆಲ ಕಟ್ಟಿ ಆಡುವುದು ಇನ್ನೂ ಹಳೆಯದು. 1812ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬಾತ, ಗುಡ್ಡ ಹೊಳೆಗಳ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಬಹುದಾದ ಯುದ್ಧದಾಟದ ಮೇಜನ್ನು ತನ್ನ ದೊರೆಗೆ ಮಾಡಿಕೊಟ್ಟಿದ್ದ. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳ ಕಾಳಗಕ್ಕೆ ನಿಯಮಗಳ ಪುಸ್ತಕವನ್ನೇ ಬರೆದ. ಗೈಗ್ಯಾಕ್ಸನಂತೂ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಚೀಲವೊಂದನ್ನು ಕೊಂಡು, ಅವುಗಳ ವಿಚಿತ್ರ ಆಕಾರ ನೋಡಿಯೇ ಕಬ್ಬಿಣಕ್ಕೆ ತುಕ್ಕು ಹಿಡಿಸುವ ಮೃಗದಂಥವನ್ನು ಕಲ್ಪಿಸಿದನಂತೆ.

ಅಳತೆ ಹೀಗಿದೆ: ಒಂದು ಅಂಗುಲವೆಂದರೆ ಐದು ಅಡಿ. ಆಳಿನ ಬೊಂಬೆ ಸುಮಾರು 28 ಮಿಲಿಮೀಟರ್. ನಾಲ್ಕಡಿ ಮೇಜಿಗೆ 240 ಅಡಿ ನೆಲ ಮಾತ್ರ ಹಿಡಿಸುತ್ತದೆ. ಆದ್ದರಿಂದ ಇಡೀ ರಾಜ್ಯ ಕಟ್ಟುವ ಆಸೆ ಬಿಟ್ಟು ಒಂದು ಗುಡ್ಡ, ಒಂದು ಹಳ್ಳ, ನಾಲ್ಕು ಮನೆಗಳಿಗೆ ನಿಂತೆವು. 'ನಿಂತೆವು' ಎಂದೆ ನೋಡಿ, ಅಷ್ಟು ಹೊತ್ತಿಗೆ ನಾನೂ ಕೂತಾಗಿತ್ತು.

ಥರ್ಮೋಕೋಲನ್ನು ಪದರ ಪದರವಾಗಿ ಕೊಯ್ದು ಫೆವಿಕಾಲಿನಲ್ಲಿ ಅಂಟಿಸಿದರೆ ಗುಡ್ಡವಾಯಿತು. ಬೇಗ ಮುಗಿಯಲೆಂದು ನಾನು ಗೇಟಿಗೆ ತಂದಿದ್ದ ಸ್ಪ್ರೇ ಪೇಂಟ್ ಹೊಡೆದೆ. ಬಣ್ಣದಲ್ಲಿದ್ದ ದ್ರಾವಕಕ್ಕೆ ಎರಡು ದಿನದ ಗುಡ್ಡ ಕಣ್ಣೆದುರೇ ಕರಗಿಹೋಯಿತು! ಮಗ ಒಂದು ಮಾತೂ ಆಡಲಿಲ್ಲ, ಮತ್ತೆ ಕೊಯ್ಯಲು ಕೂತ. ಈ ಸಲ ನೀರಿನಲ್ಲಿ ಕಲಸುವ ಬಣ್ಣವನ್ನೇ ಹಚ್ಚಿದೆವು.

ಮಣ್ಣಿಗೆ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟಕ್ಕಿಂತ ಒಳ್ಳೆಯದಿಲ್ಲ. ಅದನ್ನು ಅಂಟಿನ ಮೇಲೆ ಉದುರಿಸಿದರೆ ಮಲೆನಾಡಿನ ನೆಲವೇ. ಆದರೆ ಸರಿಯಾಗಿ ಒಣಗಿರಬೇಕು. ಅರೆ ಒಣಗಿದ್ದನ್ನು ಹಾಕಿ ನಾಲ್ಕನೆಯ ದಿನ ಬೂಷ್ಟು ಬಂತು. ಕಣದಲ್ಲಿ ಕಾಫಿ ಹರಡಿ ಕೂದಲು ನೆರೆದ ನನಗೆ ಆಗಬಾರದ ತಪ್ಪು! ಎರಡನೆಯ ಸಲ ಒಲೆಯ ಪಕ್ಕ ಹರಡಿ ಗರಿಗರಿ ಮಾಡಿದೆ. ಮನೆಗಳಿಗೆ ಅಡಿಕೆ ಹಾಳೆಯ ಮಾಡು, ಅದರ ಮೇಲೆ ಸಿಪ್ಪೆಯ ನಾರಿನ ಹೊದಿಕೆ. ಬೊಂಬೆಗಳಿಗೆ ತೆಳು ತಂತಿಯ ಮೇಲೆ ಎಂ-ಸೀಲ್ ಮೆತ್ತಿ ಮೈ ಕೊಟ್ಟ. ತೆಳು ಕಪ್ಪು ಬಣ್ಣ ಮಡಿಕೆಗಳಲ್ಲಿ ಇಳಿದ ಮೇಲೆ, ಒರೆಸಿದ ಕುಂಚದಲ್ಲಿ ತಿಳಿ ಬಣ್ಣ ಸವರಿದರೆ ಉಬ್ಬುಗಳು ಎದ್ದು ಕಾಣುತ್ತವೆ. ಕಣ್ಣು ಬರೆದದ್ದು ಮನೆಯವರು. ರಂಗೋಲಿಯ ಕೈ, ನಡುಗಲಿಲ್ಲ.

ಜಗಳವಾದದ್ದು ಹಳ್ಳದ ವಿಚಾರದಲ್ಲಿ. "ನೀರು ಹೀಗೆ ಹರಿಯೋದಿಲ್ಲ ಮಾರಾಯ, ಗುಡ್ಡದ ಬುಡಕ್ಕೆ ತಿರುಗತ್ತೆ" ಎಂದೆ. ಅವನು ಸ್ವಲ್ಪ ಹೊತ್ತು ನೋಡಿ, "ನಮ್ಮ ಕೆಳಗಿನ ಅಡಿಕೆ ತೋಟದಲ್ಲಿ ನೀರು ನಿಲ್ಲೋದೂ ಇದಕ್ಕೇನಾ ಅಪ್ಪಯ್ಯ?" ಎಂದ. ಆರು ತಿಂಗಳಲ್ಲಿ ತೋಟದ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಬಸಿಗಾಲುವೆ ಎಲ್ಲಿ ಹೂಳು ತುಂಬಿದೆ, ನನ್ನ ತಂದೆಯವರು ಎಲ್ಲಿ ತೆಗೆಸಿದ್ದರು ಎಂಬುದನ್ನೆಲ್ಲ ಅದೇ ಥರ್ಮೋಕೋಲಿನ ಮೇಲೆ ಬೆರಳಿನಿಂದ ಗೀರಿ ತೋರಿಸಿದೆ. ರಾತ್ರಿ ಹನ್ನೊಂದಾಗಿತ್ತು.

ಶನಿವಾರದ ಮೊದಲ ಕೂಟಕ್ಕೆ ಅಕ್ಕಪಕ್ಕದ ತೋಟಗಳಿಂದ ನಾಲ್ವರು ಹುಡುಗರು ಬಂದರು. ಮೇಜಿನ ಮೇಲಿನ ಬಟ್ಟೆ ತೆಗೆದಾಗ ಒಬ್ಬನೂ ಮಾತಾಡಲಿಲ್ಲ. ಆಮೇಲೆ ಒಬ್ಬ ಬಗ್ಗಿ ಮೂಸಿ, "ಕಾಫಿ ವಾಸನೆ!" ಎಂದ. ನನಗೊಬ್ಬ ಮುದುಕ ಕಾವಲುಗಾರನ ಪಾತ್ರ ಸಿಕ್ಕಿತು. ಮೂರನೆಯ ದಾಳಕ್ಕೇ ಗಾಯಗೊಂಡೆ.

ಸೋಮವಾರ ಬೆಳಿಗ್ಗೆ ಮಗ ಇಬ್ಬರು ಆಳುಗಳನ್ನು ಕರೆದುಕೊಂಡು ಗುದ್ದಲಿ ಹಿಡಿದು ಕೆಳಗಿನ ತೋಟಕ್ಕೆ ಇಳಿದ. ನಿಲ್ಲುವ, ಹೋಗುವ ಮಾತನ್ನು ನಾವಿಬ್ಬರೂ ಇನ್ನೂ ಎತ್ತಿಲ್ಲ. ಎರಡನೆಯ ಕೂಟ ಬರುವ ಶನಿವಾರ. ಊಟ ಸದ್ಯಕ್ಕೆ ಅಡುಗೆಮನೆಯಲ್ಲೇ ಸಾಗುತ್ತಿದೆ.