ರಷ್ಯನ್ ಕಾದಂಬರಿ ‘ಲಾವ್ರ್’: ಕಾಲ ಮತ್ತು ಭಾಷೆಯ ಪ್ರಶ್ನೆಗಳು

ಐತಿಹಾಸಿಕ ಕಾದಂಬರಿಯನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಸುತ್ತುವರಿದು ನಡೆಯುತ್ತದೆ: ಲೇಖಕನು ಚರಿತ್ರೆಗೆ ಎಷ್ಟರಮಟ್ಟಿಗೆ ನಿಷ್ಠನಾಗಿದ್ದಾನೆ? ಈ ಪ್ರಶ್ನೆಯನ್ನೇ ಮರುಪರಿಶೀಲಿಸುವಂತೆ ಮಾಡುವ ಕೃತಿ ಯೆವ್ಗೆನಿ ವೊದೊಲಾಜ್ಕಿನ್ ಅವರ ‘ಲಾವ್ರ್’. 2012ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಮರುವರ್ಷವೇ ರಷ್ಯದ ‘ಬೃಹತ್ ಗ್ರಂಥ’ ಪ್ರಶಸ್ತಿ ದೊರೆಯಿತು. 2015ರಲ್ಲಿ ಲೀಸಾ ಹೇಡನ್ ಅವರ ಇಂಗ್ಲಿಷ್ ಅನುವಾದ ಹೊರಬಂದಿತು. ಹದಿನೈದನೆಯ ಶತಮಾನದ ವೈದ್ಯನೊಬ್ಬ ಸನ್ಯಾಸಿಯಾಗುವ ಕಥೆ ಇದು. ಹಳ್ಳಿ, ಮಠ, ಮೂಲಿಕೆ, ಪ್ಲೇಗು ಎಲ್ಲವೂ ಆ ಕಾಲದವೇ. ಆದರೂ ಲೇಖಕರು ಕೊಟ್ಟಿರುವ ಉಪಶೀರ್ಷಿಕೆ ‘ಅನೈತಿಹಾಸಿಕ ಕಾದಂಬರಿ’ ಎಂಬುದು.

ಚರಿತ್ರೆಯನ್ನು ಅರಿಯದವರ ಮಾತಲ್ಲ ಇದು. 1964ರಲ್ಲಿ ಕೀವ್ ನಗರದಲ್ಲಿ ಜನಿಸಿದ ವೊದೊಲಾಜ್ಕಿನ್ ಅವರು ವೃತ್ತಿಯಿಂದ ಪ್ರಾಚೀನ ರಷ್ಯನ್ ಸಾಹಿತ್ಯದ ವಿದ್ವಾಂಸರು. ಸೇಂಟ್ ಪೀಟರ್ಸ್‌ಬರ್ಗಿನ ‘ಪುಷ್ಕಿನ್ ಭವನ’ದಲ್ಲಿ ದ್ಮಿತ್ರಿ ಲಿಖಚೋವ್ ಅವರ ಮಾರ್ಗದರ್ಶನದಲ್ಲಿ ಪಳಗಿದವರು. ಸಂತರ ಜೀವನಚರಿತ್ರೆಗಳ ಹಸ್ತಪ್ರತಿಗಳೊಡನೆ ದಶಕಗಳ ಕಾಲ ಒಡನಾಡಿದ ಮೇಲೆ ಬರೆದ ಕೃತಿಯಾದುದರಿಂದ ಅದರ ‘ಅನೈತಿಹಾಸಿಕತೆ’ಯನ್ನು ಪ್ರಜ್ಞಾಪೂರ್ವಕವಾದ ಆಯ್ಕೆಯೆಂದೇ ಭಾವಿಸಬೇಕು.

ಕಥಾನಾಯಕ ಆರ್ಸೆನಿ ಹುಟ್ಟುವುದು 1440ರಲ್ಲಿ, ಕಿರಿಲ್ಲೊ-ಬೆಲೊಜೆರ್ಸ್ಕಿ ಮಠದ ಸಮೀಪದ ಹಳ್ಳಿಯೊಂದರಲ್ಲಿ. ತಂದೆತಾಯಿಗಳು ಪ್ಲೇಗಿಗೆ ಬಲಿಯಾಗುತ್ತಾರೆ. ಸ್ಮಶಾನದ ಪಕ್ಕದಲ್ಲಿ ವಾಸಿಸುವ ತಾತ ಕ್ರಿಸ್ತೊಫೊರ್ ಅವನಿಗೆ ಮೂಲಿಕಾವೈದ್ಯವನ್ನು ಕಲಿಸುತ್ತಾನೆ. ತಾತ ತೀರಿಕೊಂಡ ಬಳಿಕ, ಪ್ಲೇಗಿನಿಂದ ಹಾಳಾದ ಊರಿನಿಂದ ಬಂದ ಉಸ್ತಿನಾ ಎಂಬ ಹುಡುಗಿಗೆ ಆಶ್ರಯ ಕೊಡುತ್ತಾನೆ, ಅವಳನ್ನು ಪ್ರೀತಿಸುತ್ತಾನೆ, ಲೋಕದ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಾನೆ. ಗರ್ಭಿಣಿಯಾದ ಅವಳಿಗೆ ಸೂಲಗಿತ್ತಿಯನ್ನೂ ಕರೆಸುವುದಿಲ್ಲ, ಚರ್ಚಿಗೂ ಕರೆದೊಯ್ಯುವುದಿಲ್ಲ. ಹೆರಿಗೆಯಲ್ಲಿ ತಾಯಿ ಸಾಯುತ್ತಾಳೆ, ಮಗುವೂ ಉಳಿಯುವುದಿಲ್ಲ. ಅವಳು ಪಾಪನಿವೇದನೆಯಿಲ್ಲದೆ ಸತ್ತಳೆಂಬುದು ಮಧ್ಯಯುಗದ ವಿಶ್ವಾಸಿಗೆ ಸಾವಿಗಿಂತಲೂ ದೊಡ್ಡ ಅನಾಹುತ. ಆದುದರಿಂದ ಅವಳ ಬದುಕನ್ನು ತಾನು ಬದುಕಿ, ಅವಳ ಆತ್ಮದ ಋಣವನ್ನು ತೀರಿಸಬೇಕೆಂದು ಆರ್ಸೆನಿ ಸಂಕಲ್ಪಿಸುತ್ತಾನೆ. ಮುಂದಿನ ಆಖ್ಯಾನವೆಲ್ಲ ಈ ಒಂದು ಅಪರಾಧದಿಂದ ಹೊರಡುತ್ತದೆ ಎನ್ನಬಹುದು. ಅವನ ಮನಸ್ಸಿನ ಮಾತುಗಳೆಲ್ಲ ಉಸ್ತಿನಾಳನ್ನು ಉದ್ದೇಶಿಸಿಯೇ ಇವೆ. ಅವಳು ಒಮ್ಮೆಯೂ ಉತ್ತರಿಸುವುದಿಲ್ಲ.

ಪ್ಸ್ಕೋವ್ ನಗರದಲ್ಲಿ ಅವನು ‘ಯುರೊದಿವಿ’ ಆಗುತ್ತಾನೆ. ಅಂದರೆ ಕ್ರಿಸ್ತನಿಗಾಗಿ ಹುಚ್ಚನಾದವನು. ಉಸ್ತಿನ್ ಎಂಬ ಹೆಸರಿನಿಂದ, ವರ್ಷಾನುಗಟ್ಟಲೆ ಮೌನಿಯಾಗಿ, ಗೋರಿಗಳ ನಡುವೆ ಬಾಳುತ್ತಾನೆ. ನಮ್ಮ ಓದುಗರಿಗೆ ಇಲ್ಲಿ ಅವಧೂತರ ನೆನಪಾಗುವುದು ಸಹಜವಾದರೂ ಸಾಮ್ಯವನ್ನು ಎಚ್ಚರದಿಂದ ಗ್ರಹಿಸಬೇಕು. ಅವಧೂತನ ವರ್ತನೆಯನ್ನು ನಮ್ಮ ಪರಂಪರೆ ಜ್ಞಾನದ ಫಲವೆಂದು ಕಾಣುತ್ತದೆ. ಆರ್ಸೆನಿಯ ಹುಚ್ಚು ಪ್ರಾಯಶ್ಚಿತ್ತದ ಸಾಧನ. ರಷ್ಯದ ಈ ಪರಂಪರೆಯನ್ನು ಅರಿಯಬಯಸುವವರು ಲಿಖಚೋವ್ ಮತ್ತು ಪಾಂಚೆಂಕೊ ಅವರು ಹಳೆಯ ರಷ್ಯದ ನಗೆಯ ಲೋಕವನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥವನ್ನು ಅವಶ್ಯವಾಗಿ ನೋಡಬೇಕು. ಜೆರುಸಲೇಮಿನ ಯಾತ್ರೆ ಮೂರನೆಯ ಭಾಗದ ವಸ್ತು. ಸಾಹಸಗಳು ಅಲ್ಲಿ ಹೇರಳವಾಗಿದ್ದರೂ, ನನಗೆ ತೋರುವಂತೆ, ಪ್ಸ್ಕೋವಿನ ಭಾಗದ ತೀವ್ರತೆ ಅದಕ್ಕಿಲ್ಲ.

ಯಾತ್ರೆಯ ಸಂಗಾತಿಯಾದ ಇಟಲಿಯ ಅಂಬ್ರೊಜೊನ ಪಾತ್ರ ಮಾತ್ರ ಮುಖ್ಯವಾದುದು. ಸೃಷ್ಟಿಯಿಂದ ಎಣಿಸುವ ಲೆಕ್ಕದಲ್ಲಿ 7000ನೆಯ ವರ್ಷಕ್ಕೆ, ಎಂದರೆ ಕ್ರಿ.ಶ. 1492ಕ್ಕೆ, ಪ್ರಳಯವಾಗುವುದೆಂಬ ನಂಬಿಕೆ ಆಗ ರಷ್ಯದಲ್ಲಿ ನಿಜವಾಗಿಯೂ ಬಲವಾಗಿತ್ತು. ಅದರ ನಿಜವನ್ನು ತಿಳಿಯಲೆಂದೇ ಅವನು ಅಲ್ಲಿಗೆ ಬರುತ್ತಾನೆ. ಭವಿಷ್ಯವನ್ನು ಕಾಣಬಲ್ಲ ಅವನಿಗೆ ಇಪ್ಪತ್ತನೆಯ ಶತಮಾನದ ಚರಿತ್ರಕಾರನೊಬ್ಬನ ಪ್ರಣಯವೂ ಗೋಚರಿಸುತ್ತದೆ. ಇನ್ನೊಂದೆಡೆ, ಹಿಮ ಕರಗಿದ ಕಾಡಿನ ನೆಲದಲ್ಲಿ ಪ್ಲಾಸ್ಟಿಕ್ ಬಾಟಲಿಗಳು ಕಾಣಿಸಿಕೊಳ್ಳುತ್ತವೆ! ಇದನ್ನು ಕಾಲದೋಷವೆಂದು ಎಣಿಸಿದವರೂ ಇದ್ದಾರೆ. ದೇವರ ದೃಷ್ಟಿಯಲ್ಲಿ ಎಲ್ಲ ಕಾಲಗಳೂ ಏಕಕಾಲದಲ್ಲಿ ಇವೆಯೆಂಬ ಭಾವನೆಯನ್ನು ಕೃತಿ ಇಲ್ಲಿ ವಸ್ತುರೂಪದಲ್ಲಿ ಮುಂದಿಡುತ್ತದೆ. ಉಪಶೀರ್ಷಿಕೆಯ ಅರ್ಥವೂ ಇದೇ ಎಂದು ತೋರುತ್ತದೆ.

ಭಾಷಾಂತರಕಾರರಿಗೆ ನಿಜವಾದ ಸವಾಲು ಒಡ್ಡುವುದು ಭಾಷೆ. ಒಂದೇ ಸಂಭಾಷಣೆಯೊಳಗೆ ಚರ್ಚಿನ ಸ್ಲಾವೊನಿಕ್ ಛಾಯೆಯ ಹಳೆಯ ರಷ್ಯನ್, ಕಚೇರಿಯ ಶುಷ್ಕ ಗದ್ಯ, ಇಂದಿನ ಬೀದಿಮಾತು ಒಂದರೊಳಗೊಂದು ಹಾಯುತ್ತವೆ. ಕನ್ನಡಕ್ಕೆ ತರುವುದಾದರೆ ಹಳಗನ್ನಡವನ್ನು ಬಳಸಬಹುದೆಂದು ಮೊದಲಿಗೆ ಹೊಳೆಯುತ್ತದೆ. ಆದರೆ ಚರ್ಚಿನ ಸ್ಲಾವೊನಿಕ್ ಇಂದಿಗೂ ಆರಾಧನೆಯಲ್ಲಿ ಕಿವಿಗೆ ಬೀಳುವ ಭಾಷೆ. ಪಂಪನ ಭಾಷೆಯಾದರೋ ತರಗತಿಯ ಹೊರಗೆ ಕೇಳುವುದು ವಿರಳ. ಬಲ್ಲವರ ಹೊರತು ಉಳಿದವರಿಗೆ ಅದು ತಡೆಗೋಡೆಯಾದೀತು. ಸಂತಚರಿತ್ರೆಯ ಪ್ರಕಾರವನ್ನು ನೆನೆದಾಗ ಹರಿಹರನ ರಗಳೆಗಳತ್ತ ದೃಷ್ಟಿ ಹೊರಳುತ್ತದೆಯಾದರೂ ಅಲ್ಲಿಯೂ ಇದೇ ತೊಡಕು. ವಚನಗಳ ನುಡಿ ಮಾತ್ರ ಇಂದಿಗೂ ಮನೆಮಠಗಳಲ್ಲಿ ಜೀವಂತವಾಗಿದೆ. ಹಳತೂ ಹೌದು, ಆಡುಮಾತಿಗೆ ಹತ್ತಿರವೂ ಹೌದು. ಆದರೆ ಅದರ ಪರಿಭಾಷೆ ಶಿವಭಕ್ತಿಯದು. ಆರ್ಸೆನಿಯ ಬಾಯಲ್ಲಿ ‘ಅಯ್ಯಾ’ ಎಂಬ ಸಂಬೋಧನೆ ಬಂದೊಡನೆ ಓದುಗನ ಮನಸ್ಸು ಕಲ್ಯಾಣಕ್ಕೆ ಹೋಗಿಬಿಡುತ್ತದೆ. ಆ ನುಡಿಯ ಲಯವನ್ನಷ್ಟೇ ಉಳಿಸಿಕೊಂಡು ಪರಿಭಾಷೆಯನ್ನು ಬಿಡುವುದು ಸಾಧ್ಯವೇ ಎಂಬುದನ್ನು ಪ್ರಯೋಗದಿಂದಲೇ ಅರಿಯಬೇಕು.

ಅಂತಹ ಪ್ರಯೋಗಕ್ಕೆ ಕೊನೆಯ ಭಾಗ ತಕ್ಕುದಾಗಿದೆ. ಸನ್ಯಾಸ ಪಡೆದು ಅಮ್ವ್ರೋಸಿಯಾಗಿ, ಬಳಿಕ ಲಾವ್ರ್ ಆಗಿ ಕಾಡುಸೇರಿದ ಮುದುಕನ ಬಳಿಗೆ, ಮದುವೆಯಿಲ್ಲದೆ ಗರ್ಭಿಣಿಯಾದ ಅನಸ್ತಾಸಿಯಾ ಬರುತ್ತಾಳೆ. ಅವಳನ್ನು ಕಾಯಲು ಅವನು ಊರವರ ನಿಂದೆಯನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಸಂತನೆಂಬ ಹೆಸರೂ ಹೋಗುತ್ತದೆ. ಈ ಸಲದ ಹೆರಿಗೆಯಲ್ಲಿ ತಾಯಿಯೂ ಮಗುವೂ ಬದುಕುತ್ತಾರೆ. ನವಜಾತ ಶಿಶುವನ್ನು ಕೈಯಲ್ಲಿ ಹಿಡಿದೇ, 1520ರಲ್ಲಿ, ಮುದುಕ ಪ್ರಾಣ ಬಿಡುತ್ತಾನೆ. ತನ್ನ ದೇಹವನ್ನು ಕಾಲಿಗೆ ಹಗ್ಗ ಕಟ್ಟಿ ಎಳೆದೊಯ್ದು ಕಾಡಿಗೆ ಬಿಡಬೇಕೆಂಬುದು ಅವನ ಕೊನೆಯ ಇಚ್ಛೆ. 1508ರಲ್ಲಿ ತೀರಿಕೊಂಡ ನೀಲ್ ಸೋರ್ಸ್ಕಿ ಎಂಬ ನಿಜವಾದ ಸಂತನು, ತನ್ನ ಶವವನ್ನು ಅಡವಿಗೆ ಎಸೆಯಬೇಕೆಂದು ಉಯಿಲಿನಲ್ಲಿ ಕೋರಿದ್ದನು. ಅವನೂ ಅದೇ ಕಿರಿಲ್ಲೊ-ಬೆಲೊಜೆರ್ಸ್ಕಿ ಮಠದಿಂದ ಹೊರಟವನೇ.